ರೇಷ್ಮೆಹುಳುವಿನ ರೋಗನಿರೋಧಕ ಶಕ್ತಿಯನ್ನು ಸದಾ ಏರಿಸಿಟ್ಟರೆ ಒಳ್ಳೆಯದೇ?

ಮಳವಳ್ಳಿ ರೇಷ್ಮೆ ಬೆಳೆಗಾರ:

ವೇದಿಕೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾವು ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಹುಳು ಮೇಯಿಸುವವರು. ಕಳೆದ ಬೆಳೆಯಲ್ಲಿ ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಚರ್ಮ ಕಳಚುವ ಹಂತ) ಎದ್ದ ಮೇಲೆ ಒಂದು ಸ್ಟ್ಯಾಂಡಿನ ಮೂಲೆಯಲ್ಲಿ ಸಪ್ಪೆ ರೋಗ ಕಾಣಿಸಿಕೊಂಡಿತು. ಹುಳುಗಳು ಸೊಪ್ಪು ಮುಟ್ಟದೆ ಸುಮ್ಮನೆ ಕುಳಿತವು, ಹಿಕ್ಕೆ ನೀರಾಯಿತು, ಹಿಡಿದು ನೋಡಿದರೆ ಮೈಯಲ್ಲಿ ಬಿಗಿಯೇ ಇರಲಿಲ್ಲ, ಸತ್ತವು ಬೆಳಗಾಗುವುದರೊಳಗೆ ಕಪ್ಪಾಗಿದ್ದವು. ಆದರೆ ಅದೇ ಹಾಸಿಗೆಯಲ್ಲಿ, ಅದೇ ಸೊಪ್ಪು ತಿಂದು, ಸತ್ತ ಹುಳುಗಳ ಪಕ್ಕದಲ್ಲೇ ಇದ್ದ ಎಷ್ಟೋ ಹುಳುಗಳು ಹಣ್ಣಾಗಿ (ಗೂಡು ಕಟ್ಟುವ ಹಂತಕ್ಕೆ ಬಂದು), ಚಂದ್ರಿಕೆಯಲ್ಲಿ ಒಳ್ಳೆಯ ಗೂಡನ್ನೇ ಕಟ್ಟಿದವು.

ಇದರಿಂದ ನನಗೆ ಎರಡು ಪ್ರಶ್ನೆಗಳು ಹುಟ್ಟಿವೆ. ಹುಳುಗಳಿಗೆ ನಮ್ಮ ಹಾಗೆ ಪ್ರತಿಕಾಯಗಳಿಲ್ಲ ಎಂದು ಓದಿದ್ದೇನೆ. ಹಾಗಿದ್ದರೆ ಒಳಗೆ ಹೊಕ್ಕದ್ದು ಬ್ಯಾಕ್ಟೀರಿಯಾ ಎಂದು ಅವು ಗುರುತಿಸುವುದು ಹೇಗೆ? ಇನ್ನೊಂದು, ನಮ್ಮ ಊರಿಗೆ ಬಂದ ಮಾರಾಟಗಾರರೊಬ್ಬರು ಒಂದು ದ್ರಾವಣ ತೋರಿಸಿ, ಮೊದಲ ದಿನದಿಂದಲೇ ಸೊಪ್ಪಿಗೆ ಸಿಂಪಡಿಸಿ ತಿನ್ನಿಸಿದರೆ ಹುಳುವಿನ ರೋಗನಿರೋಧಕ ಶಕ್ತಿ ಕೊನೆಯವರೆಗೂ ಏರಿಯೇ ಇರುತ್ತದೆ ಎಂದು ಹೇಳಿದರು. ಆ ಶಕ್ತಿ ಸದಾ ಏರಿಯೇ ಇರುವುದು ಹುಳುವಿಗೆ ಒಳ್ಳೆಯದಾಗಿದ್ದರೆ, ಪ್ರಕೃತಿಯೇ ಅದನ್ನು ಹಾಗೆ ಇಟ್ಟಿರಬೇಕಿತ್ತಲ್ಲವೇ ಎಂಬುದು ನನ್ನ ಅನುಮಾನ. ಬಲ್ಲವರು ವಿವರವಾಗಿ ತಿಳಿಸಬೇಕು.

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಮೈಸೂರು:

ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ ಅಣ್ಣ. ಮೊದಲು ಗುರುತಿಸುವ ವಿಷಯವನ್ನು ಹೇಳುತ್ತೇನೆ, ಏಕೆಂದರೆ ನಿಯಂತ್ರಣದ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತುವಿದೆ. ಸಕ್ಕರೆಯ ಎಳೆಗಳನ್ನು ಚಿಕ್ಕ ಪೆಪ್ಟೈಡುಗಳು ಒಂದಕ್ಕೊಂದು ಬಿಗಿದಿರುವ ಜಾಲ ಅದು. ಯಾವ ಕೀಟದ ದೇಹವೂ ಇದನ್ನು ತಾನಾಗಿ ತಯಾರಿಸುವುದಿಲ್ಲ. ಆದ್ದರಿಂದ ಇದರ ತುಣುಕು ಎಲ್ಲಿ ಕಂಡರೂ ಅಲ್ಲಿ ಬ್ಯಾಕ್ಟೀರಿಯಾ ಇದೆ ಅಥವಾ ಇತ್ತು ಎಂದು ಕೀಟವು ನಂಬಬಹುದು. ಈ ತುಣುಕನ್ನು ಹಿಡಿಯುವ ಪ್ರೋಟೀನನ್ನು ಮೊದಲ ಬಾರಿಗೆ ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ನೀವು ಮೇಯಿಸುವ ರೇಷ್ಮೆಹುಳುವಿನ ರಕ್ತದಿಂದಲೇ. ಜಪಾನಿನ ಮಸಾಕಿ ಅಶಿಡಾ ಮತ್ತು ಸಂಗಡಿಗರು 1996ರಲ್ಲಿ ಆ ಕೆಲಸವನ್ನು ಪ್ರಕಟಿಸಿದರು. ಅದಕ್ಕೆ ಪೆಪ್ಟಿಡೋಗ್ಲೈಕಾನ್ ಗುರುತಿಸುವ ಪ್ರೋಟೀನ್, ಚಿಕ್ಕದಾಗಿ ಪಿಜಿಆರ್‌ಪಿ ಎಂದು ಹೆಸರಾಯಿತು. ಮುಂದೆ ಇದೇ ಕುಟುಂಬದ ಪ್ರೋಟೀನುಗಳು ಹಣ್ಣಿನ ನೊಣದಲ್ಲಿ, ಇಲಿಯಲ್ಲಿ, ಮನುಷ್ಯರಲ್ಲಿಯೂ ಸಿಕ್ಕವು.

ಅದೇ 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಬ್ರೂನೊ ಲೆಮೆತ್ರ್ ಮತ್ತು ಜೂಲ್ಸ್ ಹಾಫ್‌ಮನ್ ಅವರ ತಂಡವು ಹಣ್ಣಿನ ನೊಣದ ಭ್ರೂಣದಲ್ಲಿ ಬೆನ್ನು ಮತ್ತು ಹೊಟ್ಟೆಯ ದಿಕ್ಕನ್ನು ನಿರ್ಧರಿಸುವ ಟೋಲ್ ಮಾರ್ಗವೇ (ಮಾರ್ಗವೆಂದರೆ ಕೋಶದೊಳಗೆ ಸುದ್ದಿ ಸಾಗಿಸುವ ಪ್ರೋಟೀನುಗಳ ಸರಪಳಿ), ಬೆಳೆದ ನೊಣದಲ್ಲಿ ಶಿಲೀಂಧ್ರಗಳ ವಿರುದ್ಧದ ರಕ್ಷಣೆಯನ್ನೂ ನಡೆಸುತ್ತದೆ ಎಂದು ತೋರಿಸಿತು. ಹಾಫ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಈ ದಾರಿಯ ಸಂಶೋಧನೆಗೆ. ಇದರ ಜೊತೆಗೆ ಐಎಂಡಿ ಎಂಬ ಇನ್ನೊಂದು ಮಾರ್ಗವಿದೆ. ಸ್ಥೂಲವಾಗಿ ಹೇಳುವುದಾದರೆ, ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಮತ್ತು ಬ್ಯಾಸಿಲಸ್ ಜಾತಿಗಳ ಪೆಪ್ಟಿಡೋಗ್ಲೈಕಾನ್ ಐಎಂಡಿ ಮಾರ್ಗವನ್ನು ಎಬ್ಬಿಸುತ್ತದೆ. ಸ್ಟೆಫೈಲೊಕಾಕಸ್, ಸ್ಟ್ರೆಪ್ಟೊಕಾಕಸ್‌ನಂತಹವುಗಳದು ಟೋಲ್ ಮಾರ್ಗವನ್ನು ಎಬ್ಬಿಸುತ್ತದೆ. ಎರಡರಲ್ಲಿಯೂ ಕೊನೆಗೆ ಒಂದು ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು, ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡುಗಳ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಕೀಟದ ಕೊಬ್ಬಿನ ಅಂಗಾಂಶವು ಈ ಪೆಪ್ಟೈಡುಗಳನ್ನು ತಯಾರಿಸಿ ರಕ್ತಕ್ಕೆ ಸುರಿಯುತ್ತದೆ. 2004ರಲ್ಲಿ ರೇಷ್ಮೆಹುಳುವಿನ ಜೀನೋಮಿನ ಕರಡು ಹೊರಬಂದ ಮೇಲೆ, ಎರಡೂ ಮಾರ್ಗಗಳ ಬಹುಪಾಲು ಭಾಗಗಳು ಅದರಲ್ಲಿಯೂ ಇವೆಯೆಂದು ಗೊತ್ತಾಯಿತು.

ಬಿಎಸ್ಸಿ ವಿದ್ಯಾರ್ಥಿ, ಮಂಡ್ಯ:

ಮೇಡಂ, ಒಂದು ಸಂದೇಹ. ಹುಳುವಿನ ಕರುಳಿನಲ್ಲಿ ಯಾವಾಗಲೂ ಬ್ಯಾಕ್ಟೀರಿಯಾಗಳು ಇದ್ದೇ ಇರುತ್ತವೆ. ಅವೂ ಪೆಪ್ಟಿಡೋಗ್ಲೈಕಾನ್ ತುಣುಕುಗಳನ್ನು ಉದುರಿಸುತ್ತಲೇ ಇರುತ್ತವೆ. ಹಾಗಾದರೆ ಈ ಮಾರ್ಗಗಳು ಹಗಲೂ ರಾತ್ರಿ ಚಾಲೂ ಆಗಿಯೇ ಇರಬೇಕಲ್ಲವೇ? ನಮ್ಮ ಪಠ್ಯದಲ್ಲಿ ಮಾರ್ಗ ಹೇಗೆ ಎಚ್ಚರಗೊಳ್ಳುತ್ತದೆ ಎಂಬ ಚಿತ್ರ ಮಾತ್ರ ಇದೆ, ಅದು ನಿಲ್ಲುವುದು ಹೇಗೆ ಎಂಬುದು ಎಲ್ಲಿಯೂ ಇಲ್ಲ.

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಮೈಸೂರು:

ಬಹಳ ಮುಖ್ಯವಾದ ಪ್ರಶ್ನೆ ಕೇಳಿದ್ದೀರಿ. ನಿಲ್ಲಿಸುವ ವ್ಯವಸ್ಥೆ ಎಬ್ಬಿಸುವ ವ್ಯವಸ್ಥೆಗಿಂತ ಹೆಚ್ಚು ಪದರಗಳುಳ್ಳದ್ದು, ನನ್ನ ದೃಷ್ಟಿಯಲ್ಲಿ ಹೆಚ್ಚು ಬೆರಗಿನದ್ದು ಕೂಡ. ಇದನ್ನು ಅತ್ಯಂತ ವಿವರವಾಗಿ ಬಿಡಿಸಿ ನೋಡಿರುವುದು ಹಣ್ಣಿನ ನೊಣದಲ್ಲಿ, ಆದ್ದರಿಂದ ಉದಾಹರಣೆಗಳನ್ನು ಅಲ್ಲಿಂದಲೇ ಕೊಡುತ್ತೇನೆ.

ಪಿಜಿಆರ್‌ಪಿ ಕುಟುಂಬದ ಎಲ್ಲ ಸದಸ್ಯರೂ ಎಚ್ಚರಿಕೆ ಕೊಡುವವರಲ್ಲ. ಪಿಜಿಆರ್‌ಪಿ-ಎಲ್‌ಸಿ ಎಂಬುದು ಕೋಶದ ಹೊರಮೈಯಲ್ಲಿ ಕುಳಿತು ತುಣುಕನ್ನು ಹಿಡಿದು ಐಎಂಡಿ ಮಾರ್ಗಕ್ಕೆ ಸುದ್ದಿ ಮುಟ್ಟಿಸುತ್ತದೆ. ಅದರ ದಾಯಾದಿಯಾದ ಪಿಜಿಆರ್‌ಪಿ-ಎಲ್‌ಬಿ ಒಂದು ಕಿಣ್ವ. ಅದು ತುಣುಕಿನಲ್ಲಿ ಸಕ್ಕರೆಗೂ ಪೆಪ್ಟೈಡಿಗೂ ಇರುವ ಬಂಧವನ್ನು ಕತ್ತರಿಸುತ್ತದೆ, ಕತ್ತರಿಸಿದ ತುಣುಕನ್ನು ಎಲ್‌ಸಿ ಗುರುತಿಸಲಾರದು. ಕರುಳಿನಲ್ಲಿ ಈ ಕಿಣ್ವ ಧಾರಾಳವಾಗಿರುವುದರಿಂದ, ಅಲ್ಲಿಯ ನಿತ್ಯವಾಸಿ ಬ್ಯಾಕ್ಟೀರಿಯಾಗಳು ಉದುರಿಸುವ ಅಲ್ಪಸ್ವಲ್ಪ ತುಣುಕುಗಳು ಸುದ್ದಿಯಾಗುವ ಮೊದಲೇ ಅಳಿಯುತ್ತವೆ. ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದಾಗ ಮಾತ್ರ ತುಣುಕುಗಳು ಕಿಣ್ವದ ಸಾಮರ್ಥ್ಯವನ್ನು ಮೀರಿ ಉಳಿಯುತ್ತವೆ, ಆಗ ಎಚ್ಚರಿಕೆ ಹೋಗುತ್ತದೆ.

ಈ ಎಲ್‌ಬಿ ಕಿಣ್ವದ ವಂಶವಾಹಿಯನ್ನು ಚಾಲೂ ಮಾಡುವುದೂ ಅದೇ ಐಎಂಡಿ ಮಾರ್ಗ. ಮಾರ್ಗ ಎಷ್ಟು ಜೋರಾಗಿ ಎಚ್ಚರಗೊಂಡರೆ ಅದನ್ನು ತಣಿಸುವ ಕಿಣ್ವವೂ ಅಷ್ಟೇ ಹೆಚ್ಚು ತಯಾರಾಗುತ್ತದೆ. ಪಿರ್ಕ್ ಎಂಬ ಇನ್ನೊಂದು ಪ್ರೋಟೀನು ಕೂಡ ಹೀಗೆಯೇ ಹುಟ್ಟಿ, ಎಲ್‌ಸಿ ಗ್ರಾಹಕಗಳನ್ನು ಕೋಶದ ಹೊರಮೈಯಿಂದ ಕಡಿಮೆ ಮಾಡುತ್ತದೆ. ನೊಣಕ್ಕೆ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾ ಚುಚ್ಚಿದಾಗ ಡಿಪ್ಟೆರಿಸಿನ್ ಎಂಬ ಪೆಪ್ಟೈಡಿನ ವಂಶವಾಹಿ ಕೆಲವೇ ಗಂಟೆಗಳಲ್ಲಿ ಶಿಖರಕ್ಕೇರಿ ಬೇಗನೆ ಇಳಿಯುವುದರ ಹಿಂದೆ ಇಂತಹ ಕಡಿವಾಣಗಳಿವೆ. ಎಲ್‌ಬಿ ಇಲ್ಲದ ನೊಣಗಳಲ್ಲಿ ಅದು ಇಳಿಯದೆ ಉರಿಯುತ್ತಲೇ ಇರುತ್ತದೆ.

ಕರುಳಿನಲ್ಲಿ ಇನ್ನೂ ಒಂದು ಪದರವಿದೆ. ಕಾಡಲ್ ಎಂಬ ಪ್ರೋಟೀನು ಅಲ್ಲಿ ಕೊಲ್ಲುವ ಪೆಪ್ಟೈಡುಗಳ ವಂಶವಾಹಿಗಳ ಮೇಲೆಯೇ ಕುಳಿತು ಅವುಗಳನ್ನು ಅದುಮಿಡುತ್ತದೆ. ದಕ್ಷಿಣ ಕೊರಿಯಾದ ಸಂಶೋಧಕರು 2008ರಲ್ಲಿ ನೊಣಗಳ ಕರುಳಿನಲ್ಲಿ ಕಾಡಲ್ ಅನ್ನು ತಗ್ಗಿಸಿ ನೋಡಿದರು. ಪೆಪ್ಟೈಡುಗಳ ಉತ್ಪಾದನೆ ಏರಿತು, ಆದರೆ ನೊಣಗಳಿಗೆ ಒಳಿತಾಗಲಿಲ್ಲ. ಸಾಮಾನ್ಯವಾಗಿ ಹೆಚ್ಚಿರುವ ನಿರುಪದ್ರವಿ ಬ್ಯಾಕ್ಟೀರಿಯಾ ಕಡಿಮೆಯಾಗಿ, ಅಷ್ಟು ದಿನ ಮೂಲೆಯಲ್ಲಿದ್ದ ಗ್ಲುಕೊನೊಬ್ಯಾಕ್ಟರ್ ಜಾತಿಯ ಒಂದು ಬ್ಯಾಕ್ಟೀರಿಯಾ ಮೇಲುಗೈ ಪಡೆಯಿತು, ಕರುಳಿನ ಕೋಶಗಳು ಸಾಯತೊಡಗಿದವು, ನೊಣಗಳು ಬೇಗ ಸತ್ತವು. ಮಳವಳ್ಳಿಯ ಅಣ್ಣನವರ ಎರಡನೇ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆ ಕಾಣುವುದಿಲ್ಲ.

ನಿವೃತ್ತ ರೇಷ್ಮೆ ವಿಸ್ತರಣಾಧಿಕಾರಿ, ಮಂಡ್ಯ:

ಮೇಡಂ ಅವರು ಪೆಪ್ಟೈಡುಗಳ ಬಗ್ಗೆ ಬರೆದಿದ್ದಾರೆ. ರೈತರ ಕಣ್ಣಿಗೆ ನೇರವಾಗಿ ಕಾಣುವ ಇನ್ನೊಂದು ಪ್ರತಿಕ್ರಿಯೆಯಿದೆ, ಅದನ್ನೂ ಸೇರಿಸುವುದು ಒಳ್ಳೆಯದು. ಐದನೇ ಹಂತದ ಹುಳುವಿನ ಹೊಟ್ಟೆಗಾಲನ್ನು ಸೂಜಿಯಿಂದ ಮೆಲ್ಲಗೆ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಬಿಡಿಸಿಕೊಳ್ಳಿ. ಮೈಸೂರು ತಳಿಯದಾದರೆ ಅದು ಹಳದಿ ಛಾಯೆಯಲ್ಲಿ ತಿಳಿಯಾಗಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅಂಚು ಕಂದಾಗುತ್ತದೆ, ಕಂದು ಒಳಕ್ಕೆ ಹರಡುತ್ತದೆ, ಕೊನೆಗೆ ಹನಿಯೆಲ್ಲ ಮಸಿಯಂತೆ ಕಪ್ಪಾಗುತ್ತದೆ. ಪ್ರಯೋಗಾಲಯದವರು ರಕ್ತ ತೆಗೆಯುವ ನಳಿಕೆಗೆ ಮೊದಲೇ ಫಿನೈಲ್‌ಥಯೋಯೂರಿಯಾ ಹಾಕಿಟ್ಟುಕೊಳ್ಳುವುದು ಈ ಕಪ್ಪಾಗುವಿಕೆಯನ್ನು ತಡೆಯಲಿಕ್ಕೆ.

ಆ ಕಪ್ಪು ಬಣ್ಣ ಮೆಲನಿನ್. ಹುಳುವಿನ ರಕ್ತದಲ್ಲಿ ಪ್ರೊಫಿನಾಲ್‌ಆಕ್ಸಿಡೇಸ್ ಎಂಬ ಕಿಣ್ವ ನಿಷ್ಕ್ರಿಯ ರೂಪದಲ್ಲಿ ಸದಾ ಸಿದ್ಧವಾಗಿರುತ್ತದೆ. ಗಾಯವಾದಾಗ ಅಥವಾ ಪೆಪ್ಟಿಡೋಗ್ಲೈಕಾನ್ ಸಿಕ್ಕಾಗ, ರಕ್ತದಲ್ಲಿರುವ ಪ್ರೋಟಿಯೇಸ್ ಎಂಬ ಪ್ರೋಟೀನು ಕತ್ತರಿಸುವ ಕಿಣ್ವಗಳು ಒಂದು ಇನ್ನೊಂದನ್ನು ಕತ್ತರಿಸಿ ಎಬ್ಬಿಸುತ್ತಾ ಹೋಗಿ, ಕೊನೆಗೆ ಇದನ್ನು ಸಕ್ರಿಯಗೊಳಿಸುತ್ತವೆ. ಆಗ ಹುಟ್ಟುವ ಕ್ವಿನೋನ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ, ಹುಳುವಿನ ಸ್ವಂತ ಕೋಶಗಳನ್ನೂ ಕೊಲ್ಲಬಲ್ಲವು. ಮೈಯೆಲ್ಲ ಕಪ್ಪಾಗದೆ ಗಾಯದ ಜಾಗದಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆ ಉಳಿಯುವುದಕ್ಕೆ ಕಾರಣ ಸರ್ಪಿನ್ ಎಂಬ ಪ್ರೋಟೀನುಗಳು. ಸರ್ಪಿನ್ ತನ್ನ ಮೈಯ ಒಂದು ಕುಣಿಕೆಯನ್ನು ಪ್ರೋಟಿಯೇಸಿನ ಮುಂದೆ ಒಡ್ಡುತ್ತದೆ; ಪ್ರೋಟಿಯೇಸ್ ಅದನ್ನು ಕತ್ತರಿಸಿದ ಕ್ಷಣವೇ ಸರ್ಪಿನ್‌ಗೆ ಅಂಟಿಕೊಂಡು, ಆಕಾರ ಕೆಟ್ಟು, ಮತ್ತೆಂದೂ ಕೆಲಸ ಮಾಡದಂತಾಗುತ್ತದೆ. ಒಂದು ಪ್ರೋಟಿಯೇಸಿಗೆ ಒಂದು ಸರ್ಪಿನ್ ಬಲಿಯಾಗುತ್ತದೆ. ನೊಣದಲ್ಲಿ ನೆಕ್ರೋಟಿಕ್ ಎಂಬ ಸರ್ಪಿನ್ ಕೆಟ್ಟರೆ ಸೋಂಕಿಲ್ಲದೆಯೇ ಟೋಲ್ ಮಾರ್ಗ ಚಾಲೂ ಆಗಿ, ಮೈಮೇಲೆ ಕಪ್ಪು ಕಲೆಗಳೆದ್ದು ನೊಣ ಸಾಯುತ್ತದೆ ಎಂದು 1999ರಲ್ಲಿಯೇ ತೋರಿಸಲಾಗಿದೆ.

ಒಂದು ಎಚ್ಚರಿಕೆಯ ಮಾತು. ಸಪ್ಪೆ ರೋಗದಲ್ಲಿ ಸತ್ತ ಮೇಲೆ ಹುಳು ಕಪ್ಪಾಗುವುದರಲ್ಲಿ ಕೊಳೆಯುವಿಕೆಯ ಪಾಲು ದೊಡ್ಡದು. ಬದುಕಿರುವ ಹುಳುವಿನ ಚರ್ಮದ ಮೇಲಿನ ಸಣ್ಣ ಕಪ್ಪು ಚುಕ್ಕೆಯೇ ಬೇರೆ, ಸತ್ತ ಹುಳುವಿನ ಕಪ್ಪೇ ಬೇರೆ.

ಅಕ್ಕಿ ಗಿರಣಿ, ಪಾಂಡವಪುರ:

ನಾನು ರೇಷ್ಮೆಯವನಲ್ಲ, ಆದರೂ ಓದುತ್ತಾ ಕುಳಿತೆ. ನಮ್ಮ ಗೋದಾಮಿನ ಅಕ್ಕಿಯಲ್ಲಿ ಸೇರುವ ಸೊಂಡಿಲು ಹುಳುವಿಗೂ ಇದೇ ವ್ಯವಸ್ಥೆ ಇದೆಯೇ? ಬರೀ ಪಿಷ್ಟ ತಿಂದು ಅದು ಅಷ್ಟು ಗಟ್ಟಿ ಚಿಪ್ಪು ಕಟ್ಟಿಕೊಳ್ಳುವುದಕ್ಕೆ ಅದರೊಳಗಿನ ಬ್ಯಾಕ್ಟೀರಿಯಾ ಕಾರಣ ಎಂದು ಯಾರೋ ಹೇಳಿದ್ದರು. ತನ್ನ ಮೈಯೊಳಗೇ ಬ್ಯಾಕ್ಟೀರಿಯಾ ಸಾಕಿಕೊಂಡು, ಅದನ್ನೇ ಕೊಲ್ಲುವ ವ್ಯವಸ್ಥೆಯನ್ನೂ ಇಟ್ಟುಕೊಳ್ಳುವುದು ಹೇಗೆ ಸಾಧ್ಯ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಮೈಸೂರು:

ತಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ ಸರ್. ಸೊಂಡಿಲು ಹುಳು ವಿಶೇಷ ಕೋಶಗಳಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಸಾಕುತ್ತದೆ. ಚಿಪ್ಪು ಗಟ್ಟಿಯಾಗಲು ಬೇಕಾದ ಟೈರೊಸಿನ್‌ನಂತಹ ಅಮೈನೊ ಆಮ್ಲಗಳನ್ನು ಆ ಬ್ಯಾಕ್ಟೀರಿಯಾ ಒದಗಿಸುತ್ತದೆ. ಹುಳು ಅದನ್ನು ಕೊಲ್ಲುವುದಿಲ್ಲ, ಹಾಗೆಂದು ಸ್ವತಂತ್ರವಾಗಿಯೂ ಬಿಡುವುದಿಲ್ಲ. ಕೋಲಿಯೊಪ್ಟೆರಿಸಿನ್-ಎ ಎಂಬ ಒಂದೇ ಪೆಪ್ಟೈಡನ್ನು ಆ ಕೋಶಗಳಲ್ಲಿ ಸದಾ ತಯಾರಿಸುತ್ತದೆ. ಅದರಿಂದಾಗಿ ಬ್ಯಾಕ್ಟೀರಿಯಾಗಳು ವಿಭಜನೆಯಾಗಲಾರದೆ ಉದ್ದನೆಯ ಎಳೆಗಳಾಗಿ ಅಲ್ಲಿಯೇ ಉಳಿಯುತ್ತವೆ. 2011ರಲ್ಲಿ ಸಂಶೋಧಕರು ಆ ಪೆಪ್ಟೈಡಿನ ತಯಾರಿಕೆಯನ್ನು ತಗ್ಗಿಸಿದಾಗ ಬ್ಯಾಕ್ಟೀರಿಯಾಗಳು ಕೋಶಗಳಿಂದ ಹೊರಬಿದ್ದು ಬೇರೆ ಅಂಗಾಂಶಗಳಿಗೆ ನುಗ್ಗಿದವು. ಹುಳು ಬೆಳೆದು ಚಿಪ್ಪು ಪೂರ್ತಿಯಾದ ಮೇಲೆ ಕರುಳಿನ ಬಳಿಯಿರುವ ಈ ಬ್ಯಾಕ್ಟೀರಿಯಾಗಳನ್ನು ತಾನೇ ಇಲ್ಲವಾಗಿಸುತ್ತದೆ. ಈ ಹುಳುವಿನಲ್ಲಿಯೂ ಪಿಜಿಆರ್‌ಪಿ-ಎಲ್‌ಬಿ ಇದೆ. ಬ್ಯಾಕ್ಟೀರಿಯಾದ ತುಣುಕುಗಳು ಆ ಕೋಶಗಳಿಂದ ಸೋರಿ ಮೈಯೆಲ್ಲ ಎಚ್ಚರಗೊಳ್ಳದಂತೆ ಅಲ್ಲಿಯೇ ಅವುಗಳನ್ನು ಕತ್ತರಿಸುವುದು ಅದರ ಕೆಲಸ.

ಬಟಾಣಿ ಗಿಡದ ಹೇನು ಇನ್ನೊಂದು ತುದಿಗೆ ಹೋಗಿದೆ. ಅದರ ಜೀನೋಮನ್ನು 2010ರಲ್ಲಿ ಪ್ರಕಟಿಸಿದಾಗ ಅದರಲ್ಲಿ ಪಿಜಿಆರ್‌ಪಿಗಳೂ ಇರಲಿಲ್ಲ, ಐಎಂಡಿ ಮಾರ್ಗದ ಮುಖ್ಯ ಭಾಗಗಳೂ ಇರಲಿಲ್ಲ.

ಚಾಕಿ ಕೇಂದ್ರ, ಮದ್ದೂರು:

ನನ್ನದು ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆ. ಚಾಕಿ ಹುಳು (ಎಳೆಯ ಹುಳು) ಕೊಂಡೊಯ್ಯುವ ರೈತರು ಜ್ವರದ ಸಮಯದಲ್ಲಿಯೇ ಹುಳು ಹೆಚ್ಚು ಸೂಕ್ಷ್ಮವಾಗಿರುತ್ತದೆ ಎನ್ನುತ್ತಾರೆ. ರೋಗನಿರೋಧಕ ಪ್ರತಿಕ್ರಿಯೆಗೂ ಜ್ವರಕ್ಕೂ ಸಂಬಂಧವಿದೆಯೇ? ಇನ್ನೊಂದು, ಪ್ರತಿಕ್ರಿಯೆ ಹೆಚ್ಚಾದರೆ ಗೂಡಿನ ತೂಕದ ಮೇಲೆ ಪರಿಣಾಮವಾಗುತ್ತದೆಯೇ? ನಮಗೆ ಕೊನೆಗೆ ಬೇಕಾಗುವುದು ಗೂಡು ತಾನೇ.

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಮೈಸೂರು:

ಸಂಬಂಧವಿದೆ. ಹುಳುವನ್ನು ಜ್ವರಕ್ಕೆ ಕೂರಿಸುವ ಎಕ್ಡೈಸೋನ್ ಹಾರ್ಮೋನು ನೊಣದಲ್ಲಿ ಪಿಜಿಆರ್‌ಪಿ-ಎಲ್‌ಸಿ ಗ್ರಾಹಕದ ಉತ್ಪಾದನೆಯನ್ನು ಹೆಚ್ಚಿಸುತ್ತದೆ, ಬಾಲ್ಯ ಹಾರ್ಮೋನು ಕೊಲ್ಲುವ ಪೆಪ್ಟೈಡುಗಳನ್ನು ತಗ್ಗಿಸುತ್ತದೆ. ಹಳೆಯ ಚರ್ಮ ಕಳಚಿ ಹೊಸದು ಇನ್ನೂ ಮೆತ್ತಗಿರುವಾಗ, ಕರುಳಿನ ಒಳಪದರವು ಬದಲಾಗುವಾಗ, ಬ್ಯಾಕ್ಟೀರಿಯಾ ಒಳನುಗ್ಗುವ ಅಪಾಯ ಹೆಚ್ಚು. ಆ ಸಮಯಕ್ಕೆ ಸರಿಯಾಗಿ ಎಚ್ಚರವನ್ನು ಏರಿಸುವ ಏರ್ಪಾಡು ದೇಹದಲ್ಲಿಯೇ ಇದೆ. ತಂಬಾಕಿನ ಹಾರ್ನ್‌ವರ್ಮ್ ಎಂಬ ದೊಡ್ಡ ಮರಿಹುಳುವಿನಲ್ಲಿ, ಕೋಶಾವಸ್ಥೆಗೆ ಹೋಗುವ ಮುನ್ನ ನಡುಕರುಳು ಬ್ಯಾಕ್ಟೀರಿಯಾ ನಾಶಕ ಪ್ರೋಟೀನುಗಳನ್ನು ಮೊದಲೇ ಕೂಡಿಟ್ಟು, ಹಳೆಯ ಕರುಳು ಕರಗುವಾಗ ಒಳಕ್ಕೆ ಸುರಿಯುವುದನ್ನು ನೋಡಿದ್ದಾರೆ. ಸೋಂಕು ಬರುವವರೆಗೆ ಕಾಯದೆ, ಸೋಂಕಿನ ಸಾಧ್ಯತೆ ಇರುವ ಗಳಿಗೆಯನ್ನು ಹಾರ್ಮೋನಿನಿಂದ ತಿಳಿದು ಮಾಡುವ ಸಿದ್ಧತೆ ಇದು.

ಗೂಡಿನ ತೂಕದ ವಿಷಯಕ್ಕೆ ಬರುತ್ತೇನೆ. ಕೀಟದ ಕೊಬ್ಬಿನ ಅಂಗಾಂಶಕ್ಕೆ ಎರಡು ಹೊಣೆ. ಬೆಳವಣಿಗೆಗೂ ಮುಂದಿನ ಹಂತಕ್ಕೂ ಬೇಕಾದ ಕೊಬ್ಬು, ಸಕ್ಕರೆ, ಪ್ರೋಟೀನುಗಳನ್ನು ಕೂಡಿಡುವುದೂ ಅದೇ, ಕೊಲ್ಲುವ ಪೆಪ್ಟೈಡುಗಳನ್ನು ತಯಾರಿಸುವುದೂ ಅದೇ. ನೊಣದ ಕೊಬ್ಬಿನ ಅಂಗಾಂಶದಲ್ಲಿ ಟೋಲ್ ಮಾರ್ಗವನ್ನು ಚಾಲೂ ಮಾಡಿಟ್ಟಾಗ ಇನ್ಸುಲಿನ್ ಸಂಕೇತ ಕುಗ್ಗಿ, ಕೊಬ್ಬಿನ ಸಂಗ್ರಹವೂ ಇಡೀ ದೇಹದ ಬೆಳವಣಿಗೆಯೂ ಕಡಿಮೆಯಾಯಿತು ಎಂದು 2009ರಲ್ಲಿ ಪ್ರಕಟವಾಗಿದೆ. ದುಂಬಿಜೇನಿನ ಮೇಲೆ 2000ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವಂತೂ ನಮ್ಮ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಜೀವಂತ ಬ್ಯಾಕ್ಟೀರಿಯಾ ಬಳಸದೆ, ಬ್ಯಾಕ್ಟೀರಿಯಾದ ಕೋಶಭಿತ್ತಿಯ ವಸ್ತುವನ್ನು ಅಥವಾ ಬರೀ ಲೇಟೆಕ್ಸ್ ಮಣಿಗಳನ್ನು ಚುಚ್ಚಿ ಅವುಗಳ ರೋಗನಿರೋಧಕ ಪ್ರತಿಕ್ರಿಯೆಯನ್ನು ಎಬ್ಬಿಸಿದರು. ಆಹಾರವಿಲ್ಲದೆ ಇಟ್ಟಿದ್ದ ದುಂಬಿಗಳಲ್ಲಿ ಹೀಗೆ ಎಬ್ಬಿಸಿದವು ಎಬ್ಬಿಸದವುಗಳಿಗಿಂತ ಬೇಗ ಸತ್ತವು. ರೋಗಾಣು ಇರಲೇ ಇಲ್ಲ. ಪ್ರತಿಕ್ರಿಯೆಯ ಖರ್ಚೇ ಅವುಗಳನ್ನು ಕೊಂದಿತು.

ಐದನೇ ಹಂತದ ಹುಳು ತಿಂದ ಸೊಪ್ಪಿನ ಪ್ರೋಟೀನಿನಲ್ಲಿ ದೊಡ್ಡ ಪಾಲು ರೇಷ್ಮೆ ಗ್ರಂಥಿಗೆ ಹೋಗಬೇಕಾದದ್ದು. ಆದ್ದರಿಂದ ಅಗತ್ಯವಿಲ್ಲದ ದಿನಗಳಲ್ಲಿಯೂ ಪ್ರತಿಕ್ರಿಯೆಯನ್ನು ಎಬ್ಬಿಸಿಯೇ ಇಡುವ ದ್ರಾವಣ ಒಂದು ವೇಳೆ ಹೇಳಿದಂತೆಯೇ ಕೆಲಸ ಮಾಡಿದರೆ, ಅದು ನನಗೆ ಇನ್ನೂ ಹೆಚ್ಚು ಆತಂಕದ ವಿಷಯ.

ಬಿಎಸ್ಸಿ ವಿದ್ಯಾರ್ಥಿ, ಮಂಡ್ಯ:

ಇನ್ನೊಂದು ಸಂಗತಿ ಓದಿದೆ, ಹಂಚಿಕೊಳ್ಳುತ್ತೇನೆ. ನೊಣದ ಕರುಳು ಬ್ಯಾಕ್ಟೀರಿಯಾ ಇದೆಯೇ ಎಂಬುದನ್ನಷ್ಟೇ ನೋಡದೆ ಅದರ ನಡತೆಯನ್ನೂ ನೋಡುತ್ತದೆ. ಕೆಲವು ಉಪದ್ರವಿ ಬ್ಯಾಕ್ಟೀರಿಯಾಗಳು ಯುರಾಸಿಲ್ ಎಂಬ ವಸ್ತುವನ್ನು ಹೊರಸೂಸುತ್ತವೆ, ನಿತ್ಯವಾಸಿಗಳು ಅದನ್ನು ಸೂಸುವುದಿಲ್ಲ. ಯುರಾಸಿಲ್ ಸಿಕ್ಕಾಗ ಕರುಳಿನ ಡ್ಯುಆಕ್ಸ್ ಎಂಬ ಕಿಣ್ವ ತೀಕ್ಷ್ಣವಾದ ಆಮ್ಲಜನಕ ಸಂಯುಕ್ತಗಳನ್ನು ಬಿಡುಗಡೆ ಮಾಡುತ್ತದೆ. ಇದನ್ನು 2013ರಲ್ಲಿ ವರದಿ ಮಾಡಿದ್ದಾರೆ. ಮೇಡಂ, ಇಂತಹ ಕೆಲಸ ನಮ್ಮಲ್ಲಿ ಕಲಿಯಲು ಅವಕಾಶವಿದೆಯೇ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಮೈಸೂರು:

ಒಳ್ಳೆಯ ಸೇರ್ಪಡೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ (ಹಣ್ಣಿನ ನೊಣ) ತಳಿಗಳ ಸಂಗ್ರಹ ಕೇಂದ್ರವೇ ಇದೆ, ಮಾನಂದವಾಡಿ ರಸ್ತೆಯಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿದೆ. ನೊಣವೂ ರೇಷ್ಮೆಹುಳುವೂ ಒಂದೇ ಊರಿನಲ್ಲಿ ಸಿಗುವುದು ನಿಮ್ಮ ಅದೃಷ್ಟ, ಎಂಎಸ್ಸಿಗೆ ಬನ್ನಿ.

ಮಳವಳ್ಳಿ ರೇಷ್ಮೆ ಬೆಳೆಗಾರ:

ಮೇಡಂ ಅವರಿಗೂ ಸರ್ ಅವರಿಗೂ ಕೃತಜ್ಞತೆಗಳು. ನಾಲೆಯ ತೂಬನ್ನು ವರ್ಷವಿಡೀ ಎತ್ತಿಟ್ಟರೆ ಗದ್ದೆಗೆ ಒಳ್ಳೆಯದಾಗುವುದಿಲ್ಲ ಎಂಬುದು ನಮಗೆ ಗೊತ್ತು; ಹುಳುವಿನ ಮೈಯಲ್ಲಿಯೂ ಎತ್ತುವ ಇಳಿಸುವ ವ್ಯವಸ್ಥೆ ಇಷ್ಟು ಸೂಕ್ಷ್ಮವಾಗಿದೆ ಎಂಬುದು ಇವತ್ತು ತಿಳಿಯಿತು. ದ್ರಾವಣ ಕೊಳ್ಳುವುದನ್ನು ಬಿಟ್ಟಿದ್ದೇನೆ. ಹಾಗಾದರೆ ಒಂದೇ ಹಾಸಿಗೆಯಲ್ಲಿ ಕೆಲವು ಸತ್ತು ಕೆಲವು ಉಳಿದದ್ದಕ್ಕೆ ಕಾರಣ, ಉಳಿದವುಗಳ ಶಕ್ತಿ ಹೆಚ್ಚಿದ್ದುದು ಎಂದು ತಿಳಿಯಬಹುದೇ? ಮೈಸೂರು ತಳಿ ದ್ವಿತಳಿಗಿಂತ ಗಟ್ಟಿ ಎನ್ನುವುದೂ ಇದೇ ಕಾರಣಕ್ಕೆ ತಾನೇ?

ನಿವೃತ್ತ ರೇಷ್ಮೆ ವಿಸ್ತರಣಾಧಿಕಾರಿ, ಮಂಡ್ಯ:

ಅಷ್ಟು ಸರಳವಾಗಿ ಹೇಳಲಾಗದು. ಒಂದು ಹುಳು ಎಷ್ಟು ಬ್ಯಾಕ್ಟೀರಿಯಾ ನುಂಗಿತು, ಯಾವ ಹಂತದಲ್ಲಿ ನುಂಗಿತು, ಅದಕ್ಕೆ ಎಳೆಯ ಸೊಪ್ಪು ಸಿಕ್ಕಿತ್ತೋ ಬಾಡಿದ ಸೊಪ್ಪು ಸಿಕ್ಕಿತ್ತೋ, ಅದು ಸೆಖೆಯ ಮೂಲೆಯಲ್ಲಿತ್ತೋ ಗಾಳಿಯಾಡುವ ಕಡೆ ಇತ್ತೋ, ಇವೆಲ್ಲ ಸೇರಿ ಫಲಿತಾಂಶವಾಗುತ್ತದೆ. ಮೈಸೂರು ತಳಿ ನಮ್ಮ ಬಿಸಿಲಿಗೆ ತಲೆಮಾರುಗಳಿಂದ ಒಗ್ಗಿಕೊಂಡಿದೆ. ಅದರ ಗಟ್ಟಿತನದಲ್ಲಿ ತಾಪ ಸಹಿಸುವ ಗುಣವೂ ಸೇರಿದೆ. ಎಲ್ಲವನ್ನೂ ರೋಗನಿರೋಧಕ ಪೆಪ್ಟೈಡುಗಳ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ರೇಷ್ಮೆಹುಳುವಿನ ನಡುಕರುಳು ಬಹಳ ಕ್ಷಾರೀಯವಾದದ್ದು, ಅದೇ ಒಂದು ದೊಡ್ಡ ರಕ್ಷಣೆ. ಸೆಖೆಯಲ್ಲಿ, ಒದ್ದೆ ಸೊಪ್ಪಿನಲ್ಲಿ, ಕಳಪೆ ಮೇವಿನಲ್ಲಿ ಹುಳು ಸೊರಗಿದಾಗ ಕರುಳಿನ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ.

ನೀವು ಸೋಂಕಿನ ಹೊರೆಯನ್ನು ತಗ್ಗಿಸಿದರೆ ಹುಳುವಿನ ಸ್ವಂತ ವ್ಯವಸ್ಥೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಬೆಳೆ ಮುಗಿದ ಕೂಡಲೇ ಮನೆಯನ್ನೂ ಸಲಕರಣೆಗಳನ್ನೂ ಶೇಕಡ 0.3ರ ಸುಣ್ಣದ ನೀರಿನಲ್ಲಿ ಶೇಕಡ 2ರ ಬ್ಲೀಚಿಂಗ್ ಪೌಡರ್ ಬೆರೆಸಿ ಸೋಂಕು ನಿವಾರಣೆ ಮಾಡಿ. ಪ್ರತಿ ಜ್ವರ ಎದ್ದ ಮೇಲೆ ಮೇವು ಕೊಡುವ ಮೊದಲು ವಿಜೇತ ಎಂಬ ಸೋಂಕು ನಿವಾರಕ ಪುಡಿಯನ್ನು ಹಾಸಿಗೆಯ ಮೇಲೆ ಉದುರಿಸಿ. ದೊಡ್ಡ ಹುಳುವಿನ ಮನೆಯಲ್ಲಿ ತಾಪ 24ರಿಂದ 26 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡ 70ರ ಆಸುಪಾಸಿನಲ್ಲಿರಲಿ. ಸೊರಗಿದ ಹುಳು ಕಂಡರೆ ಕೈಯಿಂದ ಮುಟ್ಟದೆ ಕಡ್ಡಿಯಿಂದ ಆರಿಸಿ, ಸುಣ್ಣ ಮತ್ತು ಬ್ಲೀಚಿಂಗ್ ಪೌಡರ್ ಇರುವ ಬೇಸಿನ್ನಿಗೆ ಹಾಕಿ. ರೋಗ ಕಾಣಿಸಿದ ಆ ಮೂಲೆಗೆ ಗಾಳಿ ಬರುವಂತೆ ಸ್ಟ್ಯಾಂಡನ್ನು ಈಚೆಗೆ ಸರಿಸುವುದನ್ನು ಮರೆಯಬೇಡಿ.

ಮುಂದಿನ ಬೆಳೆಯಲ್ಲಿ ಮತ್ತೆ ಹಾಗೆ ಕಂಡರೆ, ಸಾಯುತ್ತಿರುವ ಕೆಲವು ಹುಳುಗಳನ್ನು ಹತ್ತಿರದ ತಾಂತ್ರಿಕ ಸೇವಾ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಸಪ್ಪೆ ರೋಗದ ಲಕ್ಷಣಗಳು ವೈರಸ್ಸಿನಿಂದಲೂ ಬರುತ್ತವೆ, ಆಗ ಇಲ್ಲಿ ಮಾತನಾಡಿದ ಪೆಪ್ಟಿಡೋಗ್ಲೈಕಾನ್ ವಿಚಾರ ಅದಕ್ಕೆ ಅನ್ವಯಿಸುವುದಿಲ್ಲ.